ಪರೀಕ್ಷೆಗೆ ಕೊಟ್ಟ ನಂಬರ್

ಇಂಟರ್ನ್‌ಶಿಪ್ ಮುಗಿಸಿ ಬಂದವರು ಕಿರಿಯರಿಗೆ ನಾಲ್ಕು ಮಾತು ಹೇಳಲಿ ಎಂದು ಮೇಷ್ಟ್ರು ನಮ್ಮನ್ನು ಲ್ಯಾಬಿನಲ್ಲಿ ಸೇರಿಸಿದ್ದರು. ನನ್ನ ಸರದಿಯಲ್ಲಿ ನಾನು ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು. ಅರ್ಥವಾಗದಿದ್ದರೆ ಮೊದಲ ದಿನವೇ ಕೇಳಿ, ಆಮೇಲೆ ಕೇಳಿದರೆ ಮರ್ಯಾದೆ ಮೂರುಕಾಸಾಗುತ್ತದೆ ಎಂದೆ. ಎಲ್ಲರೂ ನಕ್ಕರು. ನಂತರ ನನ್ನ ಗೆಳತಿ ಎದ್ದಳು. ತರಗತಿಯಲ್ಲಿ ಅವಳಿಗೆ ಮೌನಗೌರಿ ಎಂದೇ ಹೆಸರು.

"ಟೆಸ್ಟಿಂಗ್‌ಗೆ ಅಂತ ನಿಜವಾದ ಮನುಷ್ಯರ ನಂಬರ್ ಹಾಕ್ಬೇಡಿ," ಎಂದಳು. "ಅಷ್ಟೇ."

"ಯಾಕಕ್ಕಾ?" ಎಂದಳು ಹಿಂದಿನ ಸಾಲಿನ ಹುಡುಗಿ.

ಮನೆಗೆ ಸಾಮಾನು ತಲುಪಿಸುವ ಕಂಪನಿಯಲ್ಲಿ ನನ್ನ ಗೆಳತಿಯ ಇಂಟರ್ನ್‌ಶಿಪ್. ಸಾಮಾನು ತಂದವನು ಬಾಗಿಲಿಗೆ ಬಂದೊಡನೆ ಗಿರಾಕಿಯ ಫೋನಿಗೆ ಸಂದೇಶ ಹೋಗಬೇಕು. ಅದು ಸರಿಯಾಗಿ ಹೋಗುತ್ತದೆಯೇ ಎಂದು ದಿನಾ ಮಧ್ಯಾಹ್ನ ತಾನಾಗಿಯೇ ಪರೀಕ್ಷಿಸುವ ಪ್ರೋಗ್ರಾಂ ಬರೆದಿದ್ದಳು. ಯಾರಿಗೂ ಕಿರಿಕಿರಿ ಆಗದಿರಲಿ ಎಂದು ತೀರಿಹೋದ ತನ್ನ ಅಕ್ಕನ ನಂಬರ್ ಹಾಕಿದ್ದಳು.

"ಆ ಫೋನ್ ಯಾವತ್ತೋ ಬಂದ್ ಆಗಿದೆ ಅಂದ್ಕೊಂಡಿದ್ದೆ. ಅಮ್ಮ ನಂಗೂ ಹೇಳ್ದೆ ಅದನ್ನ ರೀಚಾರ್ಜ್ ಮಾಡಿಸ್ಕೊಂಡು ಇಟ್ಕೊಂಡಿದ್ರು."

"ಮೆಸೇಜಲ್ಲಿ ಏನಿತ್ತು?" ಎಂದಳು ಅದೇ ಹುಡುಗಿ.

"ಬಾಗಿಲ ಹತ್ರ ಇದೀನಿ, ತೆಗೀರಿ ಅಂತ."

ಅಷ್ಟು ಹೇಳಿ ಅವಳು ಕೂತುಬಿಟ್ಟಳು.

ಆ ನಂಬರ್ ಕಂಪನಿಯ ಪ್ರೋಗ್ರಾಂನಲ್ಲಿ ಇನ್ನೂ ಇದೆ ಎಂದು ಅವಳು ನನಗೆ ಹೇಳಿದ್ದು ಹೊರಗೆ ಬಂದ ಮೇಲೆ. ನನಗೆ ಸಿಟ್ಟು ನೆತ್ತಿಗೇರಿತು. "ಹೆತ್ತವಳನ್ನ ದಿನಾ ಹೀಗೆ ಸಾಯಿಸ್ತೀಯಲ್ಲೇ? ಕಂಪನಿಗೆ ಒಂದು ಮೇಲ್ ಹಾಕಿದ್ರೆ ಮುಗೀತು."

"ನನ್ ಕೈಲಿ ಆಗ್ತಿಲ್ಲ ಕಣೆ. ಮೊದ್ಲು ಅಮ್ಮಂಗೆ ಹೇಳ್ಬೇಕು. ನೀನೂ ಬಾ."

ಮರುದಿನ ಮಧ್ಯಾಹ್ನ ಅವಳ ಮನೆಗೆ ಹೋದೆವು. ಆ ನಂಬರ್ ತೆಗೆಯಿರಿ ಎಂದು ಅವಳ ಪರವಾಗಿ ಕಂಪನಿಗೆ ಮೇಲ್ ಬರೆದು ನನ್ನ ಫೋನಿನಲ್ಲಿ ಇಟ್ಟುಕೊಂಡಿದ್ದೆ, ಒಂದು ಬಟನ್ ಒತ್ತುವುದಷ್ಟೇ ಬಾಕಿ. ಅವಳಮ್ಮ ನಮ್ಮಿಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ, ಎದುರಿಗೆ ಕೂತು ಬಟ್ಟೆ ಮಡಚತೊಡಗಿದರು. ನಾನು ಗಂಟಲು ಸರಿಮಾಡಿಕೊಂಡೆ.

"ಅಮ್ಮಾ, ಒಂದು ವಿಷ್ಯ ಹೇಳ್ಬೇಕಿತ್ತು."

ಕಪಾಟಿನ ಮೇಲಿದ್ದ ಫೋನ್ ಟಿಣ್ ಎಂದಿತು.

ಅವರು ಅದರತ್ತ ನೋಡಲೂ ಇಲ್ಲ. ಬಟ್ಟೆ ಪಕ್ಕಕ್ಕಿಟ್ಟು, ತಲೆಗೂದಲು ಸವರಿಕೊಂಡು ಹೋಗಿ ಬಾಗಿಲು ತೆರೆದರು. ಮೆಟ್ಟಿಲ ಮೇಲೆ ಬಿಸಿಲು ಬಿದ್ದಿತ್ತು, ಅಲ್ಲಿ ಯಾರೂ ಇರಲಿಲ್ಲ.

"ಬಾ," ಎಂದರು ಮೆಲ್ಲಗೆ. ಒಬ್ಬರು ಒಳಗೆ ಬರುವಷ್ಟು ಹೊತ್ತು ಪಕ್ಕಕ್ಕೆ ನಿಂತಿದ್ದು, ಬಾಗಿಲು ಹಾಕಿ ನಮ್ಮತ್ತ ತಿರುಗಿದರು. ಅವರ ಮುಖದಲ್ಲಿ ಎಂಥದೋ ನೆಮ್ಮದಿ ಇತ್ತು.

"ಏನೋ ಹೇಳ್ಬೇಕು ಅಂದ್ಯಲ್ಲಮ್ಮ?"

ಗೆಳತಿ ನನ್ನನ್ನೇ ನೋಡುತ್ತಿದ್ದಳು. ನಾನು ಕೈಯಲ್ಲಿದ್ದ ಫೋನ್ ನೋಡಿದೆ.

"ಆಮೇಲೆ ಹೇಳುವಂತೆ. ಸ್ವಲ್ಪ ಸರ್ಕೊಂಡು ಕೂತ್ಕೋ," ಎಂದರು ಅವರು. "ಅವ್ಳಿಗೂ ಜಾಗ ಬೇಕಲ್ಲ."

ಫೋನನ್ನು ಚೀಲದೊಳಗೆ ಹಾಕಿ ನಾನು ಸರಿದು ಕೂತೆ.