ಕಾಲೆತ್ತಬೇಡಿ ಬೀಗರೇ

ಕಾಮಗೆರೆಯ ದೊಡ್ಡಮಾದಪ್ಪನವರಿಗೆ ಒಂದು ಕಡೆ ನಿಂತು ಗೊತ್ತಿರಲಿಲ್ಲ. ಊಟಕ್ಕೆ ಕೂತರೂ ನಡುವೆ ಎದ್ದು ಕೊಟ್ಟಿಗೆ ನೋಡಿ ಬರುವ ಆಸಾಮಿ. ಅಂಥವರು ಸಾವಿರದ ಒಂಬೈನೂರ ಅರವತ್ತೆಂಟನೇ ಇಸವಿಯ ಬೇಸಿಗೆಯ ಒಂದು ಬೆಳಿಗ್ಗೆ ಊರಾಚೆಯ ಗುಡ್ಡದ ಕಾಡಿನಲ್ಲಿ ನೆಟ್ಟ ಕಂಬದ ಹಾಗೆ ನಿಂತುಬಿಟ್ಟಿದ್ದರು.

ಮಗಳನ್ನು ತಮ್ಮ ಮಗನಿಗೆ ನೋಡಲು ಅಗರದಿಂದ ರುದ್ರಸ್ವಾಮಿಯವರು ಬರುವವರಿದ್ದರು. ಊಟಕ್ಕೆ ಮುತ್ತುಗದ ಎಲೆ ಸಾಲದೆಂದಳು ಹೆಂಡತಿ. ಆಳನ್ನು ಕಳಿಸಬಹುದಿತ್ತು, ಆದರೆ ತಾವಿಲ್ಲದೆ ಎಲೆಯನ್ನೂ ಕೊಯ್ಯಲಾಗದು ಎಂಬ ಭ್ರಮೆ ಇವರಿಗೆ. ಕತ್ತೆತ್ತಿ ಎಲೆ ಕೀಳುತ್ತ ಹೆಜ್ಜೆ ಹಾಕಿದಾಗ ಪೊದೆಯ ಬುಡದಿಂದ ಕಾಡುಕೋಳಿಯೊಂದು ಅರಚಿಕೊಂಡು ಹಾರಿತು. ಬಗ್ಗಿ ನೋಡಿದರೆ ಹೆಬ್ಬೆರಳ ಪಕ್ಕದಲ್ಲೇ ತರಗೆಲೆಯ ಬಣ್ಣದ ಮರಿಯೊಂದು ಅಲುಗಾಡದೆ ಕೂತಿದೆ. ಹಿಮ್ಮಡಿಯ ಹತ್ತಿರ ಇನ್ನೊಂದು. ಉಳಿದವು ಎಲ್ಲಿವೆಯೋ ಶಿವನೇ ಬಲ್ಲ. ಕಾಲೆತ್ತಿದರೆ ಇಡುವುದೆಲ್ಲಿ? ಇಪ್ಪತ್ತು ಎಕರೆಯ ಯಜಮಾನ ಎರಡು ಪಾದದಷ್ಟು ಜಾಗದಲ್ಲಿ ಕೈದಿಯಾಗಿದ್ದಕ್ಕೆ ಅವರಿಗೇ ನಗು ಬಂತು.

ಹೊತ್ತೇರಿತು. ಮನೆಯಲ್ಲಿ ಕಾದು ಸಾಕಾದ ರುದ್ರಸ್ವಾಮಿಯವರೇ ಹುಡುಕಿಕೊಂಡು ಬಂದರು.

“ನಿಲ್ರೀ! ಕಾಲೆತ್ತಬ್ಯಾಡಿ!” ಎಂದು ದೊಡ್ಡಮಾದಪ್ಪ ಕೂಗಿದರು. ಗಂಡಿನ ತಂದೆಗೆ ಹೆಣ್ಣಿನ ತಂದೆ ಆಡುವ ಮಾತೇ ಇದು? ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡರು.

“ಏನ್ರೀ ಅಲ್ಲಿ?”

“ಕೋಳಿಮರಿ.”

ರುದ್ರಸ್ವಾಮಿಯವರ ಮುಖ ಗಂಟಾಯಿತು. “ಲಿಂಗ ಕಟ್ಕಂಡೋರು ಕೋಳಿ ಇಡ್ಯಕ್ ಬಂದಿದ್ದೀರಾ? ಇಂಥಾ ಮನೆಯಿಂದ ನಾವು ಎಣ್ ತರದಾ?”

“ಇಡ್ಯಕ್ಕಲ್ಲ ಸ್ವಾಮಿ, ತುಳೀಬಾರ್ದು ಅಂತ.”

ಸಂಬಂಧ ಕೈತಪ್ಪಿತೆಂದೇ ದೊಡ್ಡಮಾದಪ್ಪನವರಿಗೆ ಅನ್ನಿಸಿತು. ಓಡಿಹೋಗಿ ಕೈ ಹಿಡಿದುಕೊಳ್ಳೋಣವೆಂದರೆ ಕಾಲೆತ್ತುವಂತಿಲ್ಲ. ಎತ್ತಲೂ ಇಲ್ಲ.

ಇಬ್ಬರೂ ಸುಮ್ಮನಾದ ಮೇಲೆ ಪೊದೆಯಾಚೆ ತಾಯಿಕೋಳಿ ಮೆಲ್ಲಗೆ ಕೊಕ್ ಕೊಕ್ ಎಂದಿತು. ಐದು ಮರಿಗಳು ಎದ್ದು ಆ ಕಡೆಗೆ ಓಡಿದವು. ಕೊನೆಯದು ಎದ್ದದ್ದು ರುದ್ರಸ್ವಾಮಿಯವರ ಎಕ್ಕಡದ ಮುಂದಿನಿಂದಲೇ. ಅವರು ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅದು ಉಳಿಯುತ್ತಿರಲಿಲ್ಲ.

ರುದ್ರಸ್ವಾಮಿಯವರು ಬಗ್ಗಿ ಎಕ್ಕಡದ ಮುಂದಿನ ನೆಲ ನೋಡಿದರು. “ಎಣ್ ನೋಡಕ್ ಬಂದೆ, ಎಣ್ಣಿನಪ್ಪನ್ನ ನೋಡ್ದಂಗಾಯ್ತು. ನೆಲ ನೋಡ್ಕಂಡು ನಡೆಯೋ ಜನ ನೀವು.”

ಹೊಗಳಿಕೆಯನ್ನು ತೆಪ್ಪಗೆ ಒಪ್ಪಿಕೊಳ್ಳಬಹುದಿತ್ತು. ದೊಡ್ಡಮಾದಪ್ಪನವರಿಂದ ಆಗಲಿಲ್ಲ. “ಸುಳ್ಳೇಳ್ಬಾರ್ದು ಸ್ವಾಮಿ. ನಾನು ಮ್ಯಾಲ್ ನೋಡ್ಕಂಡೇ ನಡೀತಿದ್ದೆ. ತಾಯಿ ಅರಚ್ಕಳ್ದೆ ಇದ್ದಿದ್ರೆ ತುಳ್ದೇ ಬುಡ್ತಿದ್ದೆ.”

“ನನ್ಗೆ ನೀವ್ ಅರಚ್ಕಂಡ್ರಲ್ಲ,” ಎಂದರು ರುದ್ರಸ್ವಾಮಿ. “ತಾಂಬೂಲ ಇವತ್ತೇ ಬದಲಾಯಿಸ್ಕಳ್ಳವ. ನಡೀರಿ.”

ನಡೆಯಲು ಹೋದರೆ ಎರಡೂ ಕಾಲು ಜೋಮು ಹಿಡಿದಿದ್ದವು. ಬೀಗರೇ ತೋಳು ಹಿಡಿದು ಮನೆಯತನಕ ನಡೆಸಿಕೊಂಡು ಬಂದರು.