ಇನ್ನೂರ ಹನ್ನೆರಡನೆಯ ಸರದಿ

ತಮ್ಮ ತೀರಿಕೊಂಡು ಐದು ತಿಂಗಳಾದ ಮೇಲೆ ಅಕ್ಕ ಅವನ ಕಂಪ್ಯೂಟರಿಗೆ ಹೊದಿಸಿದ್ದ ಬಟ್ಟೆಯನ್ನು ತೆಗೆದಳು. ಆಸ್ಪತ್ರೆಯೊಂದರ ಬಟ್ಟೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಹರಿದ ಹಾಸುಬಟ್ಟೆಗಳಿಗೆ ತೇಪೆ ಹಾಕಿ ನಿವೃತ್ತಳಾದ ಹೆಂಗಸು ಅವಳು. ತಮ್ಮ ಲಿಫ್ಟ್ ರಿಪೇರಿ ಮಾಡುತ್ತಿದ್ದವನು. ಇಬ್ಬರೂ ಮದುವೆಯಾಗಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಜಗಳವಾಡುತ್ತ, ಆಡಿದ ಜಗಳವನ್ನು ಮರೆಯುತ್ತ ಅರ್ಧ ಆಯುಷ್ಯ ಕಳೆದಿದ್ದರು.

ತಮ್ಮನಿಗಿದ್ದ ಗೀಳು ಒಂದೇ. ಕೈಯ ಗ್ರೀಸು ತೊಳೆದುಕೊಂಡನೆಂದರೆ ಕಂಪ್ಯೂಟರಿನಲ್ಲಿ ಊರು ಕಟ್ಟಿ ಕಾದಾಡುವ ರಾಜರ ಆಟದ ಮುಂದೆ ಕೂತುಬಿಡುವನು. ನೀಲಿ ಊರುಗಳು ಅವನವು. ಕೆಂಪು, ಹಳದಿ, ಕಪ್ಪು ರಾಜರನ್ನು ಕಂಪ್ಯೂಟರೇ ಆಡಿಸುತ್ತಿತ್ತು. ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರದು. ಊಟಕ್ಕೆ ಕರೆದರೆ "ಇನ್ನೊಂದೇ ಸರದಿ ಅಕ್ಕ" ಎನ್ನುವನು. ಆ ಒಂದು ಎಂದೂ ಒಂದಕ್ಕೆ ನಿಂತದ್ದಿಲ್ಲ. ಕೊನೆಯ ದಿನ ಮಧ್ಯಾಹ್ನ ಅವಳಿಗೆ ರೇಗಿಹೋಯಿತು. "ಆ ಪೆಟ್ಟಿಗೆಗೇ ಬಡಿಸ್ತೀನಿ, ನೀನು ನೋಡ್ಕೊಂಡು ಕೂತಿರು" ಎಂದಳು. ಅವನು ಸರದಿಯನ್ನು ಅರ್ಧಕ್ಕೇ ಬಿಟ್ಟು ಎದ್ದು, ತಲೆ ತಗ್ಗಿಸಿ ಉಂಡು, ಕೆಲಸಕ್ಕೆ ಹೋದ. ಅಲ್ಲಿ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಆಟವನ್ನು ತೆರೆದುಕೊಟ್ಟವನು ತಮ್ಮನ ಜೊತೆ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್. ಎಲ್ಲರ ಬಾಯಲ್ಲಿ ಅವನು ಸ್ಪ್ಯಾನರ್. ಭಾನುವಾರ ಬಂದು ಅರ್ಧ ಗಂಟೆ ಕೂತು ಹೋಗುವ ರೂಢಿ ಇಟ್ಟುಕೊಂಡಿದ್ದ. ಪರದೆಯ ಮೂಲೆಯಲ್ಲಿ ಇನ್ನೂರ ಹನ್ನೆರಡನೆಯ ಸರದಿ ಎಂದಿತ್ತು.

"ಇಷ್ಟು ದಿನದಿಂದ ಈ ಮೂವರು ರಾಜರೂ ಹೀಗೇ ಕಾಯ್ತಾ ಇದ್ದಾರೇನೋ?"

"ನಾವು ಸರದಿ ಮುಗಿಸೋವರೆಗೂ ಅವರು ಅಲ್ಲಾಡಲ್ಲ ಅಕ್ಕ. ಐದು ವರ್ಷ ಆದ್ರೂ ಅಷ್ಟೇ."

ಅಕ್ಕ ಕನ್ನಡಕ ಒರೆಸಿಕೊಂಡು ನೀಲಿ ಊರುಗಳ ಹೆಸರು ಓದಿದಳು. ಊಟ ಆರ್ತಿದೆ. ಕೈ ತೊಳ್ಕೊ. ಲೈಟ್ ಆರಿಸು. ಹೊತ್ತಾಯ್ತು. ಕಿವುಡಾ. ಐದೂ ಅವಳು ಅಡಿಗೆಮನೆಯಿಂದ ಕೂಗುತ್ತಿದ್ದ ಮಾತುಗಳೇ.

"ಕತ್ತೆ" ಎಂದಳು. ಕನ್ನಡಕವನ್ನು ಮತ್ತೊಮ್ಮೆ ಒರೆಸಿಕೊಂಡಳು. "ಅವನು ಬಿಟ್ಟದ್ದನ್ನ ನಾನು ಆಡ್ತೀನಿ."

ಸ್ಪ್ಯಾನರ್ ತಲೆ ಕೆರೆದುಕೊಂಡ. "ಅವನು ಇಟ್ಕೊಂಡಿರೋದು ಎಲ್ಲಕ್ಕಿಂತ ಕಷ್ಟದ ಮಟ್ಟ. ಇದರಲ್ಲಿ ಕಂಪ್ಯೂಟರ್ ರಾಜರಿಗೆ ನಮ್ಮ ಎರಡರಷ್ಟು ಧಾನ್ಯ, ಎರಡರಷ್ಟು ಸೈನ್ಯ."

"ಅದು ಮೋಸ ಅಲ್ವಾ?"

"ಮೋಸನೇ. ಮೊದಲೇ ಹೇಳಿ ಮಾಡೋ ಮೋಸ. ಇನ್ನೊಂದು ಅಕ್ಕ, ಇಲ್ಲಿ ಸೋತ್ರೆ ಹಿಂದಕ್ಕೆ ಬಂದು ಮತ್ತೆ ಆಡೋ ಹಾಗಿಲ್ಲ. ಐದು ಊರೂ ಹೋದ್ರೆ ಆಟನೇ ಅಳಿಸಿಹೋಗುತ್ತೆ. ಮುಟ್ಟದೇ ಇದ್ರೆ ಹೀಗೇ ಇರುತ್ತೆ. ಯೋಚನೆ ಮಾಡಿ."

ಅವಳು ಮೂರು ದಿನ ಯೋಚಿಸಿದಳು. ಮುಟ್ಟದೆ ಇದ್ದರೆ ಊರುಗಳು ಉಳಿಯುತ್ತವೆ. ಅವನು ಅರ್ಧಕ್ಕೆ ಬಿಟ್ಟೆದ್ದ ಸರದಿಯೂ ಉಳಿಯುತ್ತದೆ. ಅವನನ್ನು ಎಬ್ಬಿಸಿದ ತನ್ನ ಮಾತೂ. ನಾಲ್ಕನೆಯ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಕುರ್ಚಿ ಎಳೆದುಕೊಂಡಳು. ಅವನು ಇನ್ನೂ ನಡೆಸದೆ ಬಿಟ್ಟಿದ್ದ ಬಿಲ್ಲುಗಾರನೊಬ್ಬ ದೂರದ ಗುಡ್ಡದ ಮೇಲೆ ನಿಂತಿದ್ದ. ಅವನನ್ನು ಎಲ್ಲಿಗೆ ಕಳಿಸಬೇಕೆಂದು ತಮ್ಮ ಅಂದುಕೊಂಡಿದ್ದನೋ ತಿಳಿಯದು. 'ಇಲ್ಲೇ ಇರು' ಎಂಬುದನ್ನು ಒತ್ತಿ ಸರದಿ ಮುಗಿಸಿದಳು.

ಮುಂದಿನ ಸರದಿಗೆ ಕೆಂಪು ರಾಜನ ದೂತ ಬಂದ. ನಮ್ಮಲ್ಲಿ ಧಾನ್ಯವಿಲ್ಲ, ಐವತ್ತು ಮೂಟೆ ಕೊಡುವಿರಾ ಎಂದು ಬರೆದಿತ್ತು. ಬಾಗಿಲಿಗೆ ಬಂದು ಕೇಳಿದವರನ್ನು ಬರಿಗೈಯಲ್ಲಿ ಕಳಿಸಿ ಅವಳಿಗೆ ಗೊತ್ತೇ ಇಲ್ಲ, ಕೊಟ್ಟಳು. ಹಳದಿಯವನೂ ಕೇಳಿದ, ಅವನಿಗೂ ಕೊಟ್ಟಳು. ಕೆಂಪು ರಾಜ ಮತ್ತೆ ಬಂದ. ಪಾಪ, ಏನು ಕಷ್ಟವೋ ಎಂದುಕೊಂಡು ಮತ್ತೆ ಕೊಟ್ಟಳು. ಅವಳು ಆಡಿದ ಆರನೆಯ ಸರದಿಗೆ ಆ ಪಾಪದವನು 'ಕೈ ತೊಳ್ಕೊ' ಊರಿನ ಗೋಡೆ ಒಡೆದು ಒಳಗೆ ನುಗ್ಗಿದ.

ಭಾನುವಾರ ಸ್ಪ್ಯಾನರ್ ಬಂದಾಗ 'ಲೈಟ್ ಆರಿಸು' ಕೂಡ ಕೆಂಪಾಗಿತ್ತು.

"ಧಾನ್ಯ ಕೊಟ್ರಾ? ಅಯ್ಯೋ ಅಕ್ಕ, ಕಂಪ್ಯೂಟರ್ ಹಸಿದು ಕೇಳಲ್ಲ. ಕೊಡ್ತಾರೋ ಇಲ್ವೋ ನೋಡೋಕೆ ಕೇಳುತ್ತೆ. ಕೊಟ್ಟವರಲ್ಲಿ ದಮ್ಮಿಲ್ಲ ಅಂತ ತಿಳ್ಕೊಂಡು ಮೇಲೆ ಬೀಳುತ್ತೆ."

"ಕೇಳಿದವರಿಗೆ ಇಲ್ಲ ಅನ್ನೋದು ಹೇಗೋ?"

"ಪಕ್ಕದಲ್ಲೇ ಇದೆ ನೋಡಿ, 'ಇಲ್ಲ' ಅಂತ. ಒತ್ತಿದ್ರೆ ಆಯ್ತು."

ಅವನು ನಕ್ಕ. ಅವಳು ನಗಲಿಲ್ಲ. ಅವನು ಹೋದ ಮೇಲೂ ಎಲ್ಲಿ ಗೋಡೆ ಬಿರುಕು ಬಿಟ್ಟಿತೋ ಅಲ್ಲಿಗೆ ಸೈನಿಕರನ್ನು ಕಳಿಸುತ್ತ ಹೋದಳು. ಕಳಿಸಿದವರು ಕಳಿಸಿದಲ್ಲೇ ಮಡಿದರು. ಮಂಗಳವಾರ 'ಹೊತ್ತಾಯ್ತು' ಹೋಯಿತು. ಆ ದಿನವೂ ಪ್ರಾರ್ಥನೆಗೆ ಕೂತಳು. ತಮ್ಮನನ್ನು ಎರಡನೆಯ ಸಲ ಕಳೆದುಕೊಳ್ಳುತ್ತಿದ್ದೇನೆ, ಅದೂ ನನ್ನ ಕೈಯಾರೆ, ಎಂದಷ್ಟೇ ದೇವರಿಗೆ ಹೇಳಿದಳು.

ಮರುದಿನ ತನ್ನ ಹಳೆಯ ದಿಂಬಿನ ಚೀಲಕ್ಕೆ ತೇಪೆ ಹಾಕುತ್ತಿದ್ದಾಗ ಅವಳ ಕೈ ನಿಂತಿತು. ಹರಿದ ಅಂಚಿಗೇ ಸೂಜಿ ಚುಚ್ಚಿದರೆ ಹೊಲಿಗೆ ನಿಲ್ಲುವುದಿಲ್ಲ, ಅಂಚು ಇನ್ನಷ್ಟು ಪಿಸಿಯುತ್ತದೆ. ಬಟ್ಟೆ ಗಟ್ಟಿ ಇರುವ ಕಡೆಯವರೆಗೂ ಹಿಂದೆ ಸರಿದು, ಅಲ್ಲಿಂದ ಹೊಲಿಯಬೇಕು. ಬಟ್ಟೆ ಕೋಣೆಗೆ ಬಂದ ಎಷ್ಟೋ ಹೊಸ ಹುಡುಗಿಯರಿಗೆ ಇದನ್ನು ಗದರಿ ಕಲಿಸಿದ್ದಳು.

ದಿಂಬಿನ ಚೀಲವನ್ನು ಅಲ್ಲೇ ಇಟ್ಟು ಆಟದ ಮುಂದೆ ಕೂತಳು. 'ಕಿವುಡಾ' ಊರನ್ನು ಖಾಲಿ ಮಾಡಿಸಿ ಅಲ್ಲಿದ್ದವರನ್ನೆಲ್ಲ 'ಊಟ ಆರ್ತಿದೆ'ಗೆ ಕರೆಸಿಕೊಂಡಳು. ಅದರ ಮೂರು ಕಡೆಗೂ ನದಿ. ದಾಟಲು ಒಂದೇ ಸೇತುವೆ. ಅದನ್ನು ಕಾಯಲು ಗೋಡೆಯ ಮೇಲೆ ನಾಲ್ವರು ನಿಲ್ಲಬೇಕು, ಇದ್ದವರು ಮೂವರು. ಉಳಿದವನು ಗುಡ್ಡದ ಮೇಲಿನ ಬಿಲ್ಲುಗಾರನೊಬ್ಬನೇ. ಇಷ್ಟು ಸರದಿಯೂ ಅವನಿಗೆ 'ಇಲ್ಲೇ ಇರು' ಎಂದೇ ಒತ್ತಿದ್ದಳು. ತಮ್ಮನ ಕೈ ಕೊನೆಗೆ ನಿಲ್ಲಿಸಿದ ಜಾಗದಲ್ಲೇ ನಿಂತಿದ್ದವನು ಅವನೊಬ್ಬನೇ.

ಬಹಳ ಹೊತ್ತು ನೋಡಿದಳು. "ಬಾಪ್ಪ, ಸಾಕು ಅಲ್ಲಿ ನಿಂತಿದ್ದು" ಎಂದು ಅವನನ್ನು ಕೆಳಗಿಳಿಸಿದಳು.

ಅವನು ಊರು ಸೇರಲು ಮೂರು ಸರದಿ ಹಿಡಿಯಿತು. ನಾಲ್ಕನೆಯದಕ್ಕೆ ಕೆಂಪು ಸೈನ್ಯ ಸೇತುವೆಗೆ ಬಂತು. ಎಷ್ಟು ಬಲವಿದ್ದರೇನು, ಸೇತುವೆಯ ಮೇಲೆ ಒಬ್ಬರ ಹಿಂದೆ ಒಬ್ಬರೇ ಬರಬೇಕು. ಗೋಡೆಯ ಮೇಲಿನ ನಾಲ್ವರೂ ಹೊಡೆದರು. ಮೊದಲ ಸಲ ಹಿಂದೆ ಸರಿದವರು ಮತ್ತೆ ಬಂದರು, ಮತ್ತೆ ಸರಿದರು. ಮೂರನೆಯ ಸಲ ಬಂದವನು ದೂತ. ಯುದ್ಧ ನಿಲ್ಲಿಸುತ್ತೇವೆ, ಐವತ್ತು ಮೂಟೆ ಧಾನ್ಯ ಕೊಡುವಿರಾ?

ಅವಳ ಬೆರಳು ಅಭ್ಯಾಸದಂತೆ 'ಹೌದು' ಎಂಬಲ್ಲಿಗೇ ಹೋಯಿತು. ಅಲ್ಲಿಂದ ಸರಿಸಿ, ದೇವರೇ ಕ್ಷಮಿಸು ಎಂದು 'ಇಲ್ಲ' ಒತ್ತಿದಳು. ದೂತ ಹೋದ. ಸೇತುವೆಯ ಆಚೆ ಕೆಂಪು ಸೈನ್ಯವೂ ಹಿಂದಕ್ಕೆ ತಿರುಗಿತು.

ಊರು ಉಳಿಯಿತು. ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ತಿರುಗಿ ನೋಡಿದರೆ ಎರಡೂವರೆ. ಹನ್ನೆರಡಕ್ಕೇ ಮಾಡಿಟ್ಟ ಅನ್ನ ಒಲೆಯ ಮೇಲೆ ತಣ್ಣಗಾಗಿತ್ತು. ಯಾರೂ ಕರೆದಿರಲಿಲ್ಲ.

"ಇನ್ನೊಂದೇ ಸರದಿ ಕಣೋ" ಎಂದು ಅಡಿಗೆಮನೆಯ ಕಡೆ ನೋಡಿ ಹೇಳಿದಳು. ಸರದಿ ಮುಗಿಸಿದಳು. ಮೂವರು ರಾಜರೂ ತಮ್ಮ ತಮ್ಮ ಸರದಿ ಆಡಿ ಮುಗಿಸುವವರೆಗೆ ಕಾದಳು. ಆಮೇಲೆ ಎದ್ದು ಒಂದು ತಟ್ಟೆ ಹಾಕಿಕೊಂಡಳು.