ಯಾರು ಕೂಗುತ್ತಾರೋ ನೋಡೋಣ

ನಮ್ಮ ಕಸುಬಿನಲ್ಲಿ ಒಂದು ಒರಟು ಪದ್ಧತಿಯಿದೆ. ಯಾವುದೋ ಹಳೆಯ ಕಂಪ್ಯೂಟರ್ ಮೂಲೆಯಲ್ಲಿ ಗುಂಯ್ ಎನ್ನುತ್ತಿರುತ್ತದೆ. ಯಾರದ್ದು, ಯಾಕಿದೆ ಎಂದು ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಗ ಅದನ್ನು ಆರಿಸಿಬಿಡುವುದು. ಬೇಕಾದವರು ಕೂಗಾಡುತ್ತ ಓಡಿ ಬಂದರೆ ಮತ್ತೆ ಚಾಲೂ ಮಾಡುವುದು, ವಾರ ಕಳೆದರೂ ಯಾರೂ ಕೂಗದಿದ್ದರೆ ಗುಜರಿಗೆ ಹಾಕುವುದು. ಆರು ತಿಂಗಳು ಪತ್ರ ಬರೆದರೂ ಸಿಗದ ಉತ್ತರ ಹೀಗೆ ಆರು ನಿಮಿಷದಲ್ಲಿ ಸಿಗುತ್ತದೆ. ಹದಿನಾಲ್ಕು ವರ್ಷದಿಂದ ನಾನು ಇದನ್ನೇ ಮಾಡುತ್ತ ಬಂದವಳು. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ನಾನಿರುವುದು ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲಿ. ಡಾಕ್ಟರುಗಳು ರೋಗಿಗಳನ್ನು ನೋಡಿಕೊಳ್ಳುತ್ತಾರೆ, ನಾನು ಅವರ ಕಂಪ್ಯೂಟರುಗಳನ್ನು. ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ನೆಲ ಒರೆಸುವ ಬಕೆಟ್ಟುಗಳ ಹಿಂದೆ, ಧೂಳು ಮೆತ್ತಿ ಗುಂಯ್ ಎನ್ನುತ್ತಿದ್ದ ಒಂದು ಕಂಪ್ಯೂಟರ್ ಡಬ್ಬ ಸಿಕ್ಕಿತು. ಯಾವ ಪಟ್ಟಿಯಲ್ಲೂ ಅದಿಲ್ಲ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ನನಗಿಂತ ಮೊದಲು ಈ ಕೆಲಸದಲ್ಲಿದ್ದವನನ್ನು ಎಲ್ಲರೂ ಗಡ್ಡದಣ್ಣ ಎನ್ನುತ್ತಿದ್ದರು. ಅವನು ಬಿಟ್ಟು ಹೋಗಿ ಎರಡು ವರ್ಷವಾಗಿತ್ತು. ಕೈಚಳಕದವನೇ, ಆದರೆ ಒಂದು ಸಾಲನ್ನೂ ಬರೆದಿಟ್ಟು ಹೋಗಿರಲಿಲ್ಲ. ಅವನುಂಡ ತಟ್ಟೆ ನಾನೇಕೆ ತೊಳೆಯಲಿ ಎಂದು ಗೊಣಗಿ, ಗುಂಡಿ ಒತ್ತಿ ಆರಿಸಿದೆ.

ಸೋಮವಾರ ಯಾರೂ ಕೂಗಲಿಲ್ಲ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಗುರುವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದ್ದಳು. ಅವಳಿಗೆ ಈಗ ನಲವತ್ತೊಂದು. ಎರಡು ಸಲ ನಮ್ಮಲ್ಲೇ ಚಿಕಿತ್ಸೆಯಾಗಿ ಎರಡೂ ನಿಂತಿರಲಿಲ್ಲ. ಉಳಿದಿದ್ದ ಎರಡೇ ಎರಡು ಭ್ರೂಣಗಳನ್ನು ನಮ್ಮ ಲ್ಯಾಬಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದರು. ಬರುವ ಮಂಗಳವಾರ ಅವನ್ನು ಅವಳೊಳಗೆ ಇಡುವುದೆಂದು ದಿನ ಗೊತ್ತಾಗಿತ್ತು. ಇನ್ನೊಮ್ಮೆ ಮೊದಲಿನಿಂದ ಶುರುಮಾಡಲು ನಿಮ್ಮ ದೇಹ ಒಪ್ಪುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅಕ್ಕ ಜಾರದ ಚಪ್ಪಲಿ ಕೊಂಡಿದ್ದಾಳಂತೆ. ಇನ್ನೂ ಐದು ದಿನವಿದೆ, ಈಗಲೇ ಬಾತುಕೋಳಿ ಥರ ನಡೀತಿದ್ದೀಯಾ ಎಂದು ನಾನು ರೇಗಿಸಿದೆ.

ಅದೇ ಮಧ್ಯಾಹ್ನ ಊಟ ಮುಗಿಸಿ ಬಂದು, ಆ ಡಬ್ಬದ ಡಿಸ್ಕ್ ಬಿಚ್ಚಿ ನನ್ನ ಕಂಪ್ಯೂಟರಿಗೆ ಜೋಡಿಸಿದೆ. ಅಳಿಸುವ ಮೊದಲು ಒಮ್ಮೆ ಓದಿಬಿಡುವುದು ನನ್ನ ಅಭ್ಯಾಸ. ಆರಿಸುವ ಮೊದಲೇ ಓದಬೇಕಿತ್ತು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗಾಯಿತು.

ಅದರಲ್ಲಿದ್ದದ್ದು ಒಂದೇ ಸ್ಕ್ರಿಪ್ಟ್, ಅಂದರೆ ಒಂದು ಪುಟ್ಟ ಪ್ರೋಗ್ರಾಮ್, ಗಂಟೆಗೊಮ್ಮೆ ತಾನಾಗಿಯೇ ಓಡುವಂತೆ ಇಟ್ಟದ್ದು. ಮೂವತ್ತು ಸಾಲುಗಳೂ ಇರಲಿಲ್ಲ. ಮೂರನೇ ಟ್ಯಾಂಕಿನಲ್ಲಿ ದ್ರವ ಎಷ್ಟಿದೆ ಕೇಳು, ಇಪ್ಪತ್ತು ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಸುಮ್ಮನಿರು, ಕಡಿಮೆಯಾದರೆ ಈ ನಂಬರಿಗೆ ಸಂದೇಶ ಕಳಿಸು. ಅಷ್ಟೇ.

ಮೂರನೇ ಟ್ಯಾಂಕ್ ಎಂದರೆ ಭ್ರೂಣಗಳ ಟ್ಯಾಂಕ್. ಅವುಗಳನ್ನು ಹೆಪ್ಪುಗಟ್ಟಿಸಿ ಇಡುವ ದ್ರವ ಸಾರಜನಕ ಸದಾ ಸ್ವಲ್ಪ ಸ್ವಲ್ಪವೇ ಆವಿಯಾಗುತ್ತಿರುತ್ತದೆ. ಅಕ್ಕನ ಎರಡೂ ಅದರಲ್ಲೇ ಇದ್ದವು.

ಕೂಗುವುದೇ ಅದರ ಕೆಲಸವಾಗಿತ್ತು. ಕೂಗುವವನ ಬಾಯಿಗೇ ಬಟ್ಟೆ ತುರುಕಿ, ಯಾರೂ ಕೂಗುತ್ತಿಲ್ಲವಲ್ಲ ಎಂದು ಮೂರೂವರೆ ದಿನ ಹಾಯಾಗಿ ಓಡಾಡಿಕೊಂಡಿದ್ದೆ. ಲಾಗ್ ಫೈಲ್ ತೆರೆದೆ, ಅದು ಆ ಯಂತ್ರದ ದಿನಚರಿ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮೊದಲ ಎಚ್ಚರಿಕೆ. ಆಮೇಲೆ ಗಂಟೆಗೊಂದರಂತೆ ಸೋಮವಾರ ಎಂಟರವರೆಗೆ, ಒಟ್ಟು ಇಪ್ಪತ್ತೆರಡು. ಎಂಟೂವರೆಗೆ ನಾನು ಆರಿಸಿದ್ದೆ. ಸಂದೇಶಗಳು ಹೋಗಿದ್ದು ಗಡ್ಡದಣ್ಣನ ನಂಬರಿಗೆ. ಆ ನಂಬರಿಗೆ ಫೋನ್ ಮಾಡಿದರೆ, ಬಳಕೆಯಲ್ಲಿಲ್ಲ ಎಂದಿತು.

ಲ್ಯಾಬಿಗೆ ಹೇಗೆ ಓಡಿದೆನೋ ನೆನಪಿಲ್ಲ. ಟ್ಯಾಂಕುಗಳಿಗೆ ದ್ರವ ತುಂಬುವವರನ್ನು ನಾವೆಲ್ಲ ಟ್ಯಾಂಕ್ ಮಾಮ ಎನ್ನುತ್ತೇವೆ. ಅವರು ಪ್ರತಿ ಶುಕ್ರವಾರ ತುಂಬುತ್ತಾರೆ, ನಡುವೆ ಮುಚ್ಚಳ ತೆಗೆದು ನೋಡುವುದಿಲ್ಲ. ಯಾಕೆ ನೋಡಲಿಲ್ಲ ಎಂದು ಕೇಳಿದ್ದಕ್ಕೆ, ಕಡಿಮೆಯಾದರೆ ಮಷೀನು ಹೇಳುತ್ತೆ ಎಂದು ಗಡ್ಡದಣ್ಣನೇ ಹೇಳಿದ್ದನಲ್ಲಮ್ಮ, ಇಷ್ಟು ವರ್ಷ ಅದು ಏನೂ ಹೇಳಿಲ್ಲ, ಎಲ್ಲ ಸರಿ ಇದೆ ಅಂದುಕೊಂಡೆ ಎಂದರು. ಹೇಳುತ್ತಲೇ ಟ್ಯಾಂಕಿನ ಕಡೆ ಓಡಿದರು.

ಮುಚ್ಚಳ ತೆಗೆದರು. ಅಳತೆಯ ಕೋಲನ್ನು ತಳ ಮುಟ್ಟುವವರೆಗೆ ಇಳಿಸಿ, ಸ್ವಲ್ಪ ಹೊತ್ತು ಹಿಡಿದು, ಮೇಲೆತ್ತಿ ಗಾಳಿಗೆ ಹಿಡಿದರು. ದ್ರವದಲ್ಲಿ ಮುಳುಗಿದ್ದಷ್ಟು ಭಾಗಕ್ಕೆ ಬಿಳಿ ಮಂಜು ಕಟ್ಟುತ್ತದೆ. ಮಂಜು ಕೆಳಗಿನಿಂದ ಮೇಲಕ್ಕೆ ಬಂತು, ಏಳು ಸೆಂಟಿಮೀಟರಿಗೆ ನಿಂತಿತು. ನಾನು ಇನ್ನೂ ಏರೀತೆಂದು ನೋಡುತ್ತಿದ್ದೆ. ಏರಲಿಲ್ಲ.

ಲ್ಯಾಬಿನ ಡಾಕ್ಟರು ಬಂದು ಎಲ್ಲವನ್ನೂ ಎರಡನೇ ಟ್ಯಾಂಕಿಗೆ ಸಾಗಿಸಿದರು. ಮೂರನೆಯದರ ಗೋಡೆಯಲ್ಲೇ ದೋಷವಂತೆ, ವಾರದಲ್ಲಿ ಆವಿಯಾಗಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಆವಿಯಾಗಿತ್ತು. ಒಳಗೆ ಎರಡು ಸಾಲು. ಕೆಳಗಿನ ಸಾಲು ದ್ರವದಲ್ಲೇ ಇತ್ತು, ಅದಕ್ಕೆ ಭಯವಿಲ್ಲ. ಮೇಲಿನ ಸಾಲು ಬರೀ ಆವಿಯಲ್ಲಿ ಎಷ್ಟು ಹೊತ್ತಿತ್ತೋ, ಎಷ್ಟು ಚಳಿಯಲ್ಲಿತ್ತೋ ಹೇಳುವವರಿಲ್ಲ. ಅದನ್ನು ಹೇಳಬೇಕಾಗಿದ್ದ ಯಂತ್ರವನ್ನೇ ನಾನು ಆರಿಸಿದ್ದೆ. ಅಕ್ಕನದು ಯಾವ ಸಾಲು ಎಂದು ಕೇಳಿದೆ. ಡಾಕ್ಟರು ಪಟ್ಟಿ ನೋಡಿ, ಮೇಲಿನದು, ಆ ಸಾಲಿನಲ್ಲಿ ಒಟ್ಟು ಇಪ್ಪತ್ತು ಜನರದ್ದಿದೆ ಎಂದರು. ಬದುಕಿವೆಯೋ ಇಲ್ಲವೋ, ಕರಗಿಸಿ ನೋಡುವ ತನಕ ತಿಳಿಯುವುದಿಲ್ಲವಂತೆ.

ಮ್ಯಾನೇಜರು ಬಾಗಿಲು ಹಾಕಿಕೊಂಡು ನನ್ನನ್ನೂ ಟ್ಯಾಂಕ್ ಮಾಮನನ್ನೂ ಕೂರಿಸಿದರು. ಅವರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನೀವು ಆರಿಸದಿದ್ದರೂ ಆ ಸಂದೇಶ ಯಾರಿಗೂ ಮುಟ್ಟುತ್ತಿರಲಿಲ್ಲ, ಹಾಗಾಗಿ ನಿಮ್ಮ ತಪ್ಪೇನಿಲ್ಲ ಎಂದು ಸಮಾಧಾನ ಮಾಡಿದರು. ಆಮೇಲೆ ದನಿ ತಗ್ಗಿಸಿದರು.

"ಎಷ್ಟೋ ಜನಕ್ಕೆ ಇದು ಹೇಗೂ ನಿಲ್ಲಲ್ಲ. ನಿಲ್ಲಲಿಲ್ಲ ಅಂದ್ರೆ ಯಾಕೆ ಅಂತ ಯಾರೂ ಕೇಳಲ್ಲ. ಸುಮ್ಮನಿದ್ದುಬಿಡೋಣ."

ನನಗೆ ಭಯವಾದದ್ದು ಆ ಮಾತಿಗಲ್ಲ. ಅದು ಕಿವಿಗೆ ಬಿದ್ದೊಡನೆ ನನ್ನೊಳಗೆ ಏನೋ ಸಡಿಲವಾಗಿ, ಹೌದಲ್ಲ ಎನಿಸಿತು, ಅದಕ್ಕೆ. ಅಕ್ಕ ಮಂಗಳವಾರ ಬರುತ್ತಾಳೆ, ಹದಿನೈದು ದಿನ ಕಾಯುತ್ತಾಳೆ, ಆಗದಿದ್ದರೆ ತನ್ನ ದೇಹವನ್ನೇ ಹಳಿದುಕೊಳ್ಳುತ್ತಾಳೆ. ನಾನು ಪಕ್ಕದಲ್ಲಿ ಕೂತು ಕಣ್ಣೊರೆಸುತ್ತೇನೆ. ಅದು ಕಣ್ಣಿಗೆ ಕಟ್ಟಿತು. ಎದ್ದು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು ಅವಳಿಗೆ ಫೋನ್ ಮಾಡಿದೆ.

ಒಂದನ್ನೂ ಮುಚ್ಚಿಡದೆ ಹೇಳಿದೆ. ಚಿಕ್ಕಂದಿನಲ್ಲಿ ಒಂದು ಲೋಟ ಒಡೆದರೂ ಬೀದಿಗೆಲ್ಲ ಕೇಳುವಂತೆ ನನ್ನನ್ನು ಬೈಯುತ್ತಿದ್ದವಳು. ಈಗ ಕೂಗಲಿಲ್ಲ.

"ಮೇಲಿನ ಸಾಲಲ್ಲಿ ನಂದು ಮಾತ್ರನಾ ಇರೋದು?" ಎಂದಳು.

ಅಲ್ಲ, ಇನ್ನೂ ಹತ್ತೊಂಬತ್ತು ಜನರದ್ದಿದೆ ಎಂದೆ.

"ಅವರಿಗೆ ಹೇಳಿದ್ಯಾ?"

ಸತ್ಯವಾಗಿ ಹೇಳುತ್ತೇನೆ, ಅಲ್ಲಿಯವರೆಗೆ ಆ ಹತ್ತೊಂಬತ್ತು ಜನರಿಗೂ ಹೇಳಬೇಕೆಂಬುದು ನನ್ನ ತಲೆಗೇ ಬಂದಿರಲಿಲ್ಲ.

"ನಂಗಾದ್ರೆ ತಂಗಿ ಇದ್ದಾಳೆ, ಹೇಳಿದ್ಲು. ಅವರಿಗೆ ಯಾರಿದ್ದಾರೆ ಕಣೆ?" ಎಂದಳು. ಫೋನ್ ಇಟ್ಟಳು.

ನನ್ನ ಕೋಣೆಗೆ ಹೋಗಿ ಪಟ್ಟಿ ತೆರೆದೆ. ಕೆಲಸ ಹೋಗುತ್ತದೆ ಎಂಬುದು ಖಾತ್ರಿಯಿತ್ತು, ಅದರ ಭಯ ಅಷ್ಟೇನೂ ಇರಲಿಲ್ಲ. ಭಯ ಇದ್ದದ್ದು ಆ ನಂಬರುಗಳದ್ದು. ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡೆ, ಹೊಡೆದು ಹಾಕಿದೆ, ಮತ್ತೆ ಬರೆದೆ. ಆಸ್ಪತ್ರೆಯ ಫೋನಿನಿಂದಲೇ ಮೊದಲ ನಂಬರು ಒತ್ತಿದೆ.

ಮೊದಲ ರಿಂಗಿಗೇ ಎತ್ತಿದರು. ಯಾವ ನಂಬರೆಂದು ನೋಡಿಯೇ ಎತ್ತಿರಬೇಕು, ಆ ಹೆಂಗಸಿನ ದನಿಯಲ್ಲಿ ಖುಷಿ ತುಂಬಿತ್ತು.

"ಹೇಳಿ ಮೇಡಂ," ಎಂದಳು, "ನಮ್ಮದಕ್ಕೂ ದಿನ ಗೊತ್ತಾಯ್ತಾ?"